ಬೇಡಿ ತಂದ ಬಟ್ಟೆಯ ಕೌದಿ

ಪೀಣ್ಯದ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಾನು ಬಹುಕಾಲ ಕಾಲರ್ ಹೊಲಿದೆ. ಅಂಗಿ ಹೊಲಿದೆ ಎಂದು ಹೇಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ. ಕಾಲರ್ ಮಾತ್ರ. ತೋಳು ಹೊಲಿಯುತ್ತಿದ್ದವಳು ಪಕ್ಕದ ಮಿಷನ್ನಿನ ಜಯಮ್ಮ. ಈ ಆಷಾಢದಲ್ಲಿ ಜಯಮ್ಮ ತೀರಿಕೊಂಡಳು.

ಅಂದಿನಿಂದ ನನಗೆ ಯಾವ ಕೆಲಸಕ್ಕೂ ಕೈ ಏಳುತ್ತಿಲ್ಲ. ಮೊನ್ನೆ ರಶ್ಮಿ ಬಂದಿದ್ದಳು. ನಾಗಸಂದ್ರದಲ್ಲಿ ನಾವು ಬಾಡಿಗೆಗಿದ್ದ ಮನೆಯೊಡತಿ ಗಂಗಮ್ಮನ ಮೊಮ್ಮಗಳು ಅವಳು. ಬಟ್ಟೆಯ ವಿನ್ಯಾಸ ಓದಿ ಈಗಷ್ಟೇ ಒಂದು ಗಾರ್ಮೆಂಟ್ಸಿಗೆ ಸೇರಿದ್ದಾಳೆ. "ಆಂಟಿ, ನಿಮ್ ಕಾಲದಲ್ಲಿ ಕೆಲಸ ಹೇಗಿತ್ತು ಅಂತ ನಮ್ಮಂಥ ಹೊಸಬರಿಗೆ ಬರ್ದು ಕೊಡಿ. ಸುಮ್ನೆ ಗೋಡೆ ನೋಡ್ಕೊಂಡು ಕೂರೋದಕ್ಕಿಂತ ವಾಸಿ ಅಲ್ವಾ" ಎಂದಳು. ಅವಳ ಅಜ್ಜಿ ಕೂಡ ಒಮ್ಮೆ ನನಗೆ ಇಂಥದೇ ಮಾತು ಹೇಳಿದ್ದಳು. ಅಲ್ಲಿಂದಲೇ ಆರಂಭಿಸುತ್ತೇನೆ. ನಾನು ಓದಿದ್ದು ಎಂಟನೇ ಕ್ಲಾಸು. ತಪ್ಪಿದ್ದರೆ ರಶ್ಮಿ ತಿದ್ದಿಕೊಳ್ಳಲಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ಗಂಡ ಶಿವಣ್ಣ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಗಂಗಮ್ಮನ ಸಾಲು ಮನೆಗಳಲ್ಲಿ ಕೊನೆಯದು ನಮ್ಮದು. ಹಿಂದೆ ಅವರದೇ ರಾಗಿ ಹೊಲ, ಮುಂದೆ ಮಣ್ಣಿನ ದಾರಿ, ದಾರಿ ದಾಟಿ ನಡೆದರೆ ತುಮಕೂರು ರಸ್ತೆ. ನಮಗೆ ಒಬ್ಬ ಮಗನಿದ್ದ, ಮಂಜ. ಮೂರು ತುಂಬಿತ್ತು. ಒಂದು ಮಳೆಗಾಲ ಜ್ವರ ಬಂತು. ಮೊದಲು ಕಷಾಯ, ಆಮೇಲೆ ಡಾಕ್ಟರು, ಆಮೇಲೆ ದೊಡ್ಡಾಸ್ಪತ್ರೆ. ವಾರ ಕಳೆಯುವಷ್ಟರಲ್ಲಿ ಮಗು ಹೋಯಿತು. ಇದಕ್ಕಿಂತ ಹೆಚ್ಚಿಗೆ ಬರೆಯಲು ಈಗಲೂ ಆಗುವುದಿಲ್ಲ.

ಆಮೇಲೆ ನಾನು ಬಾಗಿಲ ಹತ್ತಿರ ಕೂರುತ್ತಿದ್ದೆ. ಅಡಿಗೆ ಮಾಡುತ್ತಿದ್ದೆ, ಮತ್ತೆ ಬಂದು ಅಲ್ಲೇ ಕೂರುತ್ತಿದ್ದೆ. ಗಂಗಮ್ಮ ಹಸುವಿಗೆ ಹುಲ್ಲು ಹಾಕಿ ಬರುವಾಗ ದಿನಾ ನಿಂತು ನೋಡುತ್ತಿದ್ದಳು. ಒಂದು ದಿನ ಹುಲ್ಲಿನ ಮಂಕರಿ ಇಳಿಸಿ, "ಇಂಗೇ ಕೂತಿದ್ರೆ ಗ್ವಾಡೆ ಎದ್ದು ಬಂದು ಮಾತಾಡ್ತದಾ ಸರೋಜಮ್ಮ? ರೋಡ್ ತಾವ ಬಟ್ಟೆ ಪ್ಯಾಕ್ಟ್ರಿ ಆಗೈತಂತೆ. ನಿಂಗೆ ಒಲಿಯಾಕೆ ಬತ್ತದಲ್ಲ, ಓಗು" ಎಂದಳು.

"ನನಗೆ ಆಗಲ್ಲ ಗಂಗಮ್ಮ."

"ಆಗ್ದಿದ್ರೆ ವಾಪಸ್ ಬಾ. ಬಾಗ್ಲು ಇಲ್ಲೇ ಇರ್ತದೆ, ಎಲ್ಲಿಗೂ ಓಗಾಕಿಲ್ಲ."

ಹೀಗೆ ನಾನು ಕೆಲಸಕ್ಕೆ ಸೇರಿದೆ.

ಮನೆಯಲ್ಲಿ ನನಗಿದ್ದದ್ದು ಕಾಲಲ್ಲಿ ತುಳಿಯುವ ಮಿಷನ್. ನಾನು ಎಷ್ಟು ತುಳಿದರೆ ಅದು ಅಷ್ಟು ಓಡುತ್ತಿತ್ತು, ಬೇಸರವಾದರೆ ಅದೂ ನಿಲ್ಲುತ್ತಿತ್ತು. ಕಾರ್ಖಾನೆಯದು ಕರೆಂಟಿನದು. ಮೊದಲ ದಿನ ಪೆಡಲ್ ಮೇಲೆ ಕಾಲಿಟ್ಟೆ, ಬಟ್ಟೆ ನನ್ನ ಕೈಬಿಟ್ಟು ಓಡಿಹೋಯಿತು. ನಮ್ಮ ಸಾಲನ್ನು ನೋಡಿಕೊಳ್ಳುತ್ತಿದ್ದವರು ಮಣಿ ಮಾಸ್ಟರ್. ಸೇಲಂ ಕಡೆಯವರು. ಕತ್ತಿನಲ್ಲಿ ಅಳತೆ ಟೇಪು, ಕಿವಿಯಲ್ಲಿ ಪೆನ್ಸಿಲ್ಲು. ಬಂದು ನಿಂತು, "ಏನಮ್ಮಾ, ಮಿಷನ್ ಓಡಿಸ್ತಾ ಇದೀಯಾ, ಇಲ್ಲ ಅದೇ ನಿನ್ನ ಎಳ್ಕೊಂಡು ಹೋಗ್ತಾ ಇದೆಯಾ? ತುಳೀಬಾರ್ದು. ಮಗು ತಲೆ ಮೇಲೆ ಕೈ ಇಡ್ತಾರಲ್ಲ, ಹಂಗೆ ಕಾಲು ಇಡ್ಬೇಕು" ಎಂದರು. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಆದರೂ ಹೊಸದಾಗಿ ಬರುವವರಿಗೆ ನಾನು ಹೇಳುವುದೂ ಅದನ್ನೇ. ತುಳಿಯಬೇಡಿ, ಕಾಲು ಇಡಿ.

ನಾನು ಸೇರಿದಾಗ ಒಬ್ಬ ಟೈಲರ್ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯುವುದು ಇನ್ನೂ ಇತ್ತು. ಹೊಲಿದು ಮುಗಿಸಿ ಎತ್ತಿ ಹಿಡಿದು ಒಮ್ಮೆ ಕೊಡವಿ ನೋಡುತ್ತಿದ್ದೆವು. ವರ್ಷದೊಳಗೆ ಅದು ಹೋಯಿತು. ಮಿಷನ್ನುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟರು. ಒಬ್ಬಳಿಗೆ ಕಾಲರ್, ಒಬ್ಬಳಿಗೆ ತೋಳು, ಒಬ್ಬಳಿಗೆ ಜೇಬು, ಕೊನೆಯವಳಿಗೆ ಗುಂಡಿ. ಅಂಗಿ ತುಂಡು ತುಂಡಾಗಿ ಬರುತ್ತಿತ್ತು, ಹೋಗುತ್ತಿತ್ತು. ಕೆಲಸ ಬೇಗ ಆಗುತ್ತಿತ್ತು, ನಿಜ. ಆದರೆ ಪೂರ್ತಿ ಅಂಗಿ ಹೇಗೆ ಕಾಣುತ್ತದೆಂದು ನೋಡಲು ನಾವು ಪ್ಯಾಕಿಂಗಿನ ಕಡೆ ಹಣಕಬೇಕಾಗಿತ್ತು.

ಜಯಮ್ಮನ ಪರಿಚಯವಾದದ್ದು ಅವಳು ಮಾಡಿದ ಒಂದು ಅವಾಂತರದಿಂದ. ಕತ್ತರಿಸುವ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಒಂದೇ ಬಣ್ಣದ ಬಟ್ಟೆಯಾದರೂ ಪದರದಿಂದ ಪದರಕ್ಕೆ ಒಂದು ಎಳೆಯಷ್ಟು ಬಣ್ಣದ ವ್ಯತ್ಯಾಸ ಇರುತ್ತದೆ. ಅದಕ್ಕೆ ಪ್ರತಿ ತುಂಡಿಗೂ ಪದರದ ನಂಬರಿನ ಚೀಟಿ ಅಂಟಿಸುತ್ತಾರೆ. ಒಂದೇ ಪದರದ ಬೆನ್ನು, ಎದೆ, ತೋಳು, ಕಾಲರು ಒಂದೇ ಅಂಗಿಗೆ ಸೇರಬೇಕು. ಒಂದು ಮಳೆಯ ದಿನ ಚಾವಣಿಯ ಶೀಟು ಸೋರಿ ಜಯಮ್ಮನ ಕಟ್ಟು ಒದ್ದೆಯಾಗಿ ಚೀಟಿಗಳೆಲ್ಲ ಉದುರಿದವು. ಹೇಳಿದರೆ ಬೈಯುತ್ತಾರೆಂದು ಅವಳು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕಣ್ಣಳತೆಯಲ್ಲಿ ಜೋಡಿಸಿ, ಎಲ್ಲ ತೋಳುಗಳನ್ನೂ ಕೂರಿಸಿಬಿಟ್ಟಳು.

ಮಾರನೆಯ ದಿನ ಮಣಿ ಮಾಸ್ಟರ್ ಆ ಅಂಗಿಗಳನ್ನು ಅಂಗಳಕ್ಕೆ ತಂದು ಬಿಸಿಲಿನಲ್ಲಿ ಹಿಡಿದರು. ನಮ್ಮೆಲ್ಲರನ್ನೂ ಕರೆದರು. "ನೋಡ್ರಮ್ಮಾ, ಒಂದು ಕೈ ಮದ್ರಾಸು, ಒಂದು ಕೈ ಮೈಸೂರು. ಇದನ್ನ ಯಾವನು ಹಾಕ್ಕೋತಾನೆ?"

ನಾವೆಲ್ಲ ತಲೆ ತಗ್ಗಿಸಿದ್ದೆವು. ಜಯಮ್ಮ ಮಾತ್ರ, "ಹಾಕ್ಕೊಳ್ಳೋನು ಫಾರಿನ್ನೋನು ಅಲ್ವಾ ಸಾರ್? ಅಲ್ಲಿ ಬಿಸಿಲೇ ಬರಲ್ವಂತೆ" ಎಂದಳು.

ಮಾಸ್ಟರ್ ಆ ಕಡೆ ಮುಖ ತಿರುಗಿಸಿದರು. ಅವರ ಬೆನ್ನು ಅಲುಗುತ್ತಿತ್ತು. ಈ ಕಡೆ ತಿರುಗಿದಾಗ ಮತ್ತೆ ಮುಖ ಗಂಟಾಗಿತ್ತು. "ಎಲ್ಲಾ ಬಿಚ್ಚಮ್ಮಾ. ಊಟದ ಹೊತ್ತಲ್ಲಿ ಬಿಚ್ಚು."

ಊಟದ ಹೊತ್ತಿನಲ್ಲಿ ಅವಳು ಒಬ್ಬಳೇ ಕುಳಿತು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು. ನಾನು ಹೋಗಿ ಎದುರಿಗೆ ಕುಳಿತೆ. ನನಗೆ ಹೋಗಿ ಕೂರಲು ಬೇರೆ ಯಾರೂ ಇರಲಿಲ್ಲ. "ನೀನ್ಯಾಕೆ ಬಂದೆ? ನಿನ್ ಕಾಲರ್ ಸರಿಯಾಗೇ ಇದ್ಯಲ್ಲ" ಎಂದಳು. ನಾನು ಒಂದು ಅಂಗಿ ಎಳೆದುಕೊಂಡೆ. ಅಂದಿನಿಂದ ನಾವಿಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ಅವಳದು ಸಿರಾ ಕಡೆಯ ಊರು, ಗಂಡನಿಗೆ ಪಕ್ಕದ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. ಮೊದಲೆರಡು ಹೆರಿಗೆಯ ಮಕ್ಕಳು ಕಣ್ಣು ಬಿಟ್ಟದ್ದಷ್ಟೇ, ಉಳಿಯಲಿಲ್ಲ ಎಂದು ಒಂದು ದಿನ ಮುದ್ದೆ ಮುರಿಯುತ್ತ ಹೇಳಿದಳು. ನಾನು ಮಂಜನ ವಿಷಯ ಹೇಳಿದೆ. ಇಬ್ಬರೂ ಸಾರು ಕಲಸಿಕೊಂಡು ತಿಂದೆವು. ಬೆಲ್ ಹೊಡೆಯಿತು.

ಈಗ ನನ್ನ ಹವ್ಯಾಸದ ಮಾತು. ಕಾರ್ಖಾನೆಯಿಂದ ಒಂದು ಬೆರಳಗಲದ ಚೂರನ್ನೂ ಹೊರಗೆ ಒಯ್ಯುವಂತಿರಲಿಲ್ಲ. ಗೇಟಿನಲ್ಲಿ ಒಬ್ಬ ಹೆಂಗಸು ನಮ್ಮ ಸೊಂಟ, ಊಟದ ಡಬ್ಬಿ, ತುರುಬನ್ನು ಕೂಡ ಮುಟ್ಟಿ ನೋಡುತ್ತಿದ್ದಳು. ಆದರೆ ಅದೇ ಚೂರುಗಳು ಲಾರಿಯಲ್ಲಿ ಹೋಗಿ ರಸ್ತೆಯ ವೇಸ್ಟ್ ಅಂಗಡಿಯಲ್ಲಿ ತೂಕಕ್ಕೆ ಬೀಳುತ್ತಿದ್ದವು. ಸಂಬಳದ ವಾರ ನಾನೂ ಜಯಮ್ಮನೂ ಆ ಅಂಗಡಿಗೆ ಹೋಗಿ ಗುಡ್ಡೆಯೊಳಗೆ ಕೈ ಹಾಕಿ ಕೆದಕುತ್ತಿದ್ದೆವು. "ಇಲ್ನೋಡೇ, ಇದು ನನ್ ತೋಳಿನ ಸಂದೀದು!" ಎಂದು ಜಯಮ್ಮ ಕೂಗುತ್ತಿದ್ದಳು. ಅಂಗಡಿಯವನು, "ಅಕ್ಕಾ, ತೋಳಾದ್ರೂ ತಗೊಳ್ಳಿ, ಕಾಲಾದ್ರೂ ತಗೊಳ್ಳಿ, ಗುಡ್ಡೆ ಮಾತ್ರ ಕೆಡಿಸ್ಬೇಡಿ" ಎಂದು ಗೋಗರೆಯುತ್ತಿದ್ದ. ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ಕೊಳ್ಳುವ ಹೆಂಗಸು ನಮ್ಮ ಬೀದಿಗೆ ಬಂದರೆ ಅವಳ ಗಂಟನ್ನೂ ಬಿಚ್ಚಿಸುತ್ತಿದ್ದೆ. ಹರಿದ ರೇಷ್ಮೆ ಅಂಚು, ಮಾಸಿದ ಪರದೆ, ಒಂಟಿ ದಿಂಬಿನ ಚೀಲ, ಏನು ಸಿಕ್ಕಿದರೂ ಸರಿ. ಒಗೆದು, ಒಣಗಿಸಿ, ಮಡಿಸಿ ಟ್ರಂಕಿನಲ್ಲಿಡುತ್ತಿದ್ದೆ. ಹೊಲಿದದ್ದಕ್ಕಿಂತ ಕೂಡಿಟ್ಟದ್ದೇ ಹೆಚ್ಚು. ಈ ಹುಚ್ಚಿರುವವರಿಗೆಲ್ಲ ಅದು ಗೊತ್ತಿರುತ್ತದೆ. ಶಿವಣ್ಣ, "ಇನ್ನೊಂದು ಟ್ರಂಕ್ ತಂದ್ರೆ ನಾನು ಹೊರಗೆ ಮಲಗ್ಬೇಕು ಅಷ್ಟೆ" ಎನ್ನುತ್ತಿದ್ದರು.

ಕೂಡಿಟ್ಟಿದ್ದರಲ್ಲಿ ನಾನು ಹೊಲಿಯುತ್ತಿದ್ದದ್ದು ಕೌದಿ. ಹಳೇ ಸೀರೆ ಹಾಸಿ, ಒಂದು ಮೂಲೆಯಲ್ಲಿ ಮೊದಲ ತುಂಡಿಟ್ಟು, ಅದರ ಅಂಚನ್ನು ಮುಚ್ಚುವಂತೆ ಎರಡನೆಯದು, ಎರಡನೆಯದರ ಅಂಚಿನ ಮೇಲೆ ಮೂರನೆಯದು, ಹೀಗೆ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಕೈಸೂಜಿ, ಸಣ್ಣ ಹೊಲಿಗೆ. ದಾರ ಒಂದು ತುಂಡಿಗೆ ಬಂತೆಂದು ನಿಲ್ಲುವುದಿಲ್ಲ, ಅದನ್ನು ದಾಟಿ ಮುಂದಿನದಕ್ಕೆ ಹೋಗುತ್ತದೆ. ವಾರವೆಲ್ಲ ಒಂದೇ ಪದರದ ತುಂಡುಗಳನ್ನು ಜೋಡಿಸಿದ ಕಣ್ಣಿಗೆ ಭಾನುವಾರ ಏನನ್ನಾದರೂ ಏನಕ್ಕಾದರೂ ಸೇರಿಸಬಹುದು ಎನ್ನುವುದೇ ಒಂದು ಬಿಡುವು. ಇನ್ನೊಂದು ಕಾರಣವೂ ಇತ್ತು. ಭಾನುವಾರ ಕಾರ್ಖಾನೆ ಇರುತ್ತಿರಲಿಲ್ಲ. ಸುಮ್ಮನೆ ಕುಳಿತರೆ ನಾನು ಮತ್ತೆ ಬಾಗಿಲ ಹತ್ತಿರವೇ ಹೋಗಿ ಕೂರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಜಯಮ್ಮ ಮತ್ತೆ ಬಸುರಿಯಾದಳು. ನಗು, ಮಾತು ಕಡಿಮೆಯಾಯಿತು. ತೋಳು ಹೊಲಿಯುತ್ತ ಒಮ್ಮೊಮ್ಮೆ ಕಾಲು ತೆಗೆದು, ಮಿಷನ್ ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಒಳಗೆ ಅಲುಗಿದ ಮೇಲೆ ಮತ್ತೆ ಓಡಿಸುತ್ತಿದ್ದಳು.

ಅವಳ ಅತ್ತೆ ಕಾಳಮ್ಮ ಊರಿಂದ ಹೇಳಿ ಕಳಿಸಿದಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೆ ಮಗುವಾದರೆ ಅದಕ್ಕೆ ಹೊಸ ಬಟ್ಟೆ ತಾಗಿಸಬಾರದು. ಮಕ್ಕಳು ಬೆಳೆದು ಓಡಾಡಿಕೊಂಡಿರುವ ಮನೆಗಳಿಗೆ ಹೋಗಿ, ಆ ಮಕ್ಕಳು ತೊಟ್ಟು ಹಳತಾದ ಬಟ್ಟೆಯನ್ನು ತಾಯಿ ಸೆರಗೊಡ್ಡಿ ಬೇಡಿ ತರಬೇಕು. ಅದರಲ್ಲಿ ಹೊಲಿದ ಕೌದಿಯಲ್ಲಿ ಮಗುವನ್ನು ಹಿಡಿದುಕೊಳ್ಳಬೇಕು. ಹೆಸರು ಕೂಡ ತಿಪ್ಪ, ಗುಂಡ, ತಿರುಕ ಎಂದು ಕೀಳಾಗಿಡಬೇಕು. ಭಿಕ್ಷೆಯ ಮಗು ಎಂದು ಯಾವ ಕಣ್ಣೂ ಅದರ ಮೇಲೆ ಬೀಳುವುದಿಲ್ಲ. ಇದು ನಮ್ಮ ಕಡೆಯೂ ಇತ್ತು. ಕಾಳಮ್ಮ ಇನ್ನೊಂದು ಮಾತನ್ನೂ ಸೇರಿಸಿದ್ದಳು. ಕೌದಿಯನ್ನು ಸರೋಜಮ್ಮನೇ ಹೊಲಿಯಲಿ, ಅವಳ ಕೈ ಚೆಂದ. ನಾನು ಜಯಮ್ಮನಿಗೆ ಕೊಟ್ಟಿದ್ದ ಒಂದು ಕೌದಿಯನ್ನು ಅವಳು ನೋಡಿದ್ದಳು.

ನನ್ನ ಕೈ ಆಗುತ್ತಿತ್ತು. ನನ್ನ ಮನೆಯ ಬಟ್ಟೆ ಆಗುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಟ್ರಂಕಿನಲ್ಲಿ ಕೂಡಿಟ್ಟ ಚೂರುಗಳಂತೂ ಯಾವ ಮಗುವಿನ ಮೈಯನ್ನೂ ಮುಟ್ಟಿದವಲ್ಲ. ಅವೂ ಆಗುತ್ತಿರಲಿಲ್ಲ.

ಜಯಮ್ಮ ಬೇಡಿದ್ದು ಕಾರ್ಖಾನೆಯಲ್ಲಿ. ಊಟದ ಹೊತ್ತಿನಲ್ಲಿ ಹೊಟ್ಟೆ ಹೊತ್ತುಕೊಂಡು ಸಾಲಿನ ಒಂದೊಂದೇ ಮಿಷನ್ ಮುಂದೆ ನಿಂತು ಸೆರಗು ಹಿಡಿಯುತ್ತಿದ್ದಳು. ಹಿಂದಿನ ದಿನವೇ ಹೇಳಿದ್ದರಿಂದ ಎಲ್ಲರೂ ತಂದಿದ್ದರು. ಗುಂಡಿ ಹೊಲಿಯುವವಳು ಮಗನ ಚಡ್ಡಿ ಹಾಕಿ, "ಇವನು ಮಹಾ ತರಲೆ ಕಣೇ, ನಿನ್ ಮಗೂನೂ ಹಂಗೇ ಆದ್ರೆ ನನ್ನ ಬೈಬೇಡ" ಎಂದಳು. "ತರಲೆ ಆದ್ರೂ ಸೈ, ಕಿರುಚ್ತಾ ಇರ್ಲಿ" ಎಂದಳು ಜಯಮ್ಮ. ಮಣಿ ಮಾಸ್ಟರ್ ಪೇಪರಿನಲ್ಲಿ ಸುತ್ತಿದ ಒಂದು ಗೌನ್ ತಂದು, "ನನ್ನ ಮಗಳ್ದು. ಆಗುತ್ತಾಮ್ಮಾ? ತಮಿಳು ಬಟ್ಟೆ ಬೇಡ ಅಂತ ನಿಮ್ ಅತ್ತೆ ಹೇಳಿಲ್ಲ ತಾನೇ?" ಎಂದರು. ಸಾಯಂಕಾಲ ಗೇಟಿನ ಹೆಂಗಸು ಆ ಗಂಟನ್ನು ಬಿಚ್ಚಿ ನೋಡಿ, ಮತ್ತೆ ಕಟ್ಟಿ, ತನ್ನ ಚೀಲದಿಂದ ಒಂದು ಕುಲಾವಿ ತೆಗೆದು ಅದರೊಳಗೆ ತುರುಕಿದಳು.

ಆದರೆ ಮಧ್ಯಾಹ್ನ ಜಯಮ್ಮ ನನ್ನ ಮಿಷನ್ ಹತ್ತಿರ ಬರುವ ಹೊತ್ತಿಗೆ ನಾನು ಎದ್ದು ನಲ್ಲಿಯ ಕಡೆ ಹೋಗಿದ್ದೆ. ಅವಳು ನನ್ನನ್ನು ದಾಟಿಕೊಂಡು ಹೋಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ದಾಟುವಾಗ ಅವಳಿಗೂ ಕಷ್ಟವಾಗಬಾರದು. ಕೈ ತೊಳೆದು, ಮುಖ ತೊಳೆದು, ಮತ್ತೆ ಕೈ ತೊಳೆದು ಹಿಂದಿರುಗಿದರೆ ಅವಳು ನನ್ನ ಮಿಷನ್ ಮುಂದೆಯೇ ನಿಂತಿದ್ದಳು. ಸೆರಗು ಹಾಗೇ ಹಿಡಿದಿದ್ದಳು.

"ಎಷ್ಟೊತ್ತೇ ಕೈ ತೊಳ್ಯೋದು? ಕಾಲು ಸೋತು ಹೋಯ್ತು ನಂಗೆ. ಕೊಡು."

"ಏನು ಕೊಡ್ಲಿ?"

"ಮಂಜಂದು ಒಂದು ಅಂಗಿ ಇಟ್ಕೊಂಡಿದೀಯ. ನಂಗೊತ್ತು."

"ಬೇಡ ಕಣೆ ಜಯ. ನಿಮ್ಮತ್ತೆ ಏನಂದಿದಾರೆ ನೆನಪಿದ್ಯಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

"ನಿನ್ ಮಗ ಮೂರು ವರ್ಷ ಇದ್ದ ಸರೋಜ. ಓಡಾಡ್ದ, ಮಾತಾಡ್ದ, ನಿನ್ನ ಅಮ್ಮ ಅಂದ. ನನ್ನವು ಒಂದ್ ದಿನಾನೂ ಇರ್ಲಿಲ್ಲ. ಆ ಮೂರು ವರ್ಷ ನಂಗೆ ಬೇಡ್ವಾ? ಅದನ್ನೇ ಕೇಳ್ತಾ ಇರೋದು. ಕೊಡು."

ಬೆಲ್ ಹೊಡೆಯಿತು. ಅವಳು ಸೆರಗು ಇಳಿಸಿ ತನ್ನ ಜಾಗಕ್ಕೆ ಹೋದಳು.

ನಾನು ಆ ವಾರವೆಲ್ಲ ಕೊಡಲಿಲ್ಲ. ಕೊಡಲು ಮನಸ್ಸಿಲ್ಲದೆ ಅಲ್ಲ, ಹೆದರಿ. ಆ ಮಗು ಹುಟ್ಟಿ, ನಕ್ಕು, ನಡೆದು, ಮೂರು ವರ್ಷಕ್ಕೆ ಜ್ವರ ಬಂದರೆ? ಆಗ ಜಯಮ್ಮ ನನ್ನನ್ನು ಬೈಯದೇ ಇರಬಹುದು. ನಾನು ಏನು ಮಾಡಲಿ? ಇನ್ನೊಂದು ಕಡೆ, ಸಾಲಿನ ಎಲ್ಲ ತಾಯಂದಿರು ಕೊಟ್ಟ ಬಟ್ಟೆಯೂ ನನ್ನ ಮನೆಯಲ್ಲೇ ಗಂಟಾಗಿ ಕೂತಿತ್ತು. ಅದರಲ್ಲಿ ನನ್ನದಿರಲಿಲ್ಲ. ಮಂಜ ಹೋದ ಮೇಲೆ ಯಾರೂ ನನ್ನನ್ನು ಮಂಜನ ಅಮ್ಮ ಎಂದು ಕರೆದಿರಲಿಲ್ಲ. ಜಯಮ್ಮ ಮೊದಲ ಸಲ ಹಾಗೆ ಬಂದು ಮುಂದೆ ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಶಿವಣ್ಣನಿಗೆ ಹೇಳಿದೆ. ಅವರು ತಾವೇ ಸ್ಟೂಲ್ ಹತ್ತಿ ಅಟ್ಟದ ಮೇಲಿನ ಚಿಕ್ಕ ಪೆಟ್ಟಿಗೆ ಇಳಿಸಿ, ಅಂಗಿ ತೆಗೆದು, ಮಡಿಕೆ ಬಿಡಿಸಿ ನನ್ನ ಮಡಿಲಿಗೆ ಹಾಕಿದರು. ಅವರದೇ ಹಳೆಯ ನೀಲಿ ಯೂನಿಫಾರಮ್ಮಿನಲ್ಲಿ ನಾನು ಮಂಜನಿಗೆ ಕತ್ತರಿಸಿ ಹೊಲಿದಿದ್ದು. ಅಪ್ಪನ ಅಂಗಿಗಿರುವಂಥ ಜೇಬು ತನಗೂ ಬೇಕೆಂದು ಹಟ ಹಿಡಿದಿದ್ದ. ಇಟ್ಟುಕೊಟ್ಟಿದ್ದೆ. ಅದರಲ್ಲಿ ಕಡಲೆಕಾಯಿ ಸಿಪ್ಪೆ ತುಂಬಿಕೊಂಡು ಓಡಾಡುತ್ತಿದ್ದ. "ಇದು ಪೆಟ್ಟಿಗೇಲಿ ಇದ್ದು ಏನ್ಮಾಡುತ್ತೆ" ಎಂದರು ಶಿವಣ್ಣ. ಹಾಗೆಂದು ಹೊರಗೆ ಹೋದರು. ಸಂಜೆಯವರೆಗೆ ಬರಲಿಲ್ಲ.

ನಾನು ಗಂಗಮ್ಮನ ಜಗಲಿಯ ಮೇಲೆ ಸೀರೆ ಹಾಸಿದೆ. ಜಯಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಅಂಗಿಯನ್ನು ಪಕ್ಕಕ್ಕಿಟ್ಟು ಗುಂಡಿ ಹೊಲಿಯುವವಳ ಮಗನ ಚಡ್ಡಿಯನ್ನು ಕೈಗೆತ್ತಿಕೊಂಡೆ.

"ಅದಲ್ಲ. ಮೊದಲು ಮಂಜಂದು ಇಡು" ಎಂದಳು ಜಯಮ್ಮ.

"ಕೊನೇಲಿ ಇಡ್ತೀನಿ ಬಿಡೆ."

"ಕೊನೇಲಿ ನೀನು ಜಾಗ ಸಾಲ್ಲಿಲ್ಲ ಅಂತೀಯ. ನಿನ್ ಬುದ್ಧಿ ನಂಗೊತ್ತಿಲ್ವಾ? ಜೇಬು ಸಮೇತ ಇಡು."

ಕತ್ತರಿ ಹಾಕಿದೆ. ಅಂಚು ಸೊಟ್ಟಗಾಯಿತು. ಕಾರ್ಖಾನೆಯಲ್ಲಾಗಿದ್ದರೆ ಆ ತುಂಡು ವಾಪಸ್ ಬರುತ್ತಿತ್ತು. ಮೂಲೆಯಲ್ಲಿ ಇಟ್ಟೆ. ಅದರ ಅಂಚಿನ ಮೇಲೆ ಮಣಿ ಮಾಸ್ಟರ್ ಮಗಳ ಗೌನು, ಗೌನಿನ ಅಂಚಿನ ಮೇಲೆ ಚಡ್ಡಿ. ಮುಂದಿನ ಭಾನುವಾರಗಳೆಲ್ಲ ಹೀಗೇ ಹೋದವು. ಗಂಗಮ್ಮ ಹಾಯುವಾಗ, "ಒಲಿ, ಒಲಿ. ಅದು ಒರಗೆ ಬರಾಕೆ ಮುಂಚೆ ಮುಗ್ಸು" ಎನ್ನುತ್ತಿದ್ದಳು.

ಮುಗಿದ ಮೇಲೆ ಕಾಳಮ್ಮ ಬಾಣಂತನಕ್ಕೆಂದು ಊರಿಂದ ಬಂದಳು. ಬಂದವಳೇ ಕೌದಿ ನೋಡಬೇಕೆಂದಳು. ಅವರ ಒಂದೇ ಕೋಣೆಯ ಮನೆಯಲ್ಲಿ ಬಾಗಿಲ ಬೆಳಕಿಗೆ ಹಾಸಿದೆವು. ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಯಾವ ಮನೆಯದೆಂದು ಕೇಳಬೇಕು, ತಾಯಿ ಹೇಳಬೇಕು, ಅದು ಪದ್ಧತಿ. ಜಯಮ್ಮ ಹೇಳುತ್ತ ಹೋದಳು. ಮುದುಕಿ ತಲೆದೂಗುತ್ತ ಬಂದಳು. ಮೂಲೆಗೆ ಬಂದಾಗ ಜೇಬಿನ ಮೇಲೆ ಬೆರಳು ನಿಂತಿತು.

"ಇದು?"

"ಸರೋಜಂದು."

ಕಾಳಮ್ಮ ನನ್ನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. "ಏನಂದೆ?"

"ಸರೋಜನ ಮಗಂದು. ನಾನೇ ಬೇಡಿ ಇಸ್ಕೊಂಡೆ."

"ನಿಂಗೇನು ತಲೆ ಕೆಟ್ಟೈತಾ? ಎಳ್ಡು ಮಣ್ ಮಾಡಿವ್ನಿ ಈ ಕೈಯಾಗೆ. ಗೊತ್ತಿದ್ದೂ ಗೊತ್ತಿದ್ದೂ..." ಮುದುಕಿಯ ದನಿ ಏರಿ ಒಡೆಯಿತು. ಆಮೇಲೆ ನನಗೆ, "ನಿನ್ ಮ್ಯಾಲೆ ಕ್ವಾಪ ಇಲ್ಲ ಕಣವ್ವ. ಆದ್ರೆ ಇದ್ನ ಬಿಚ್ಚು" ಎಂದಳು.

ನಾನು ಬ್ಲೇಡು ತೆಗೆದುಕೊಂಡೆ. ನನಗೆ ಸಿಟ್ಟು ಬರಲಿಲ್ಲ. ಅವಳ ಹೆದರಿಕೆಯೂ ನನ್ನ ಹೆದರಿಕೆಯೂ ಒಂದೇ. ಜಯಮ್ಮ, "ಮುಟ್ಬೇಡ ಸರೋಜ" ಎಂದಳು. ನಾನು ಮೂಲೆಯ ಮೊದಲ ಹೊಲಿಗೆಗೆ ಬ್ಲೇಡು ತಾಗಿಸಿದೆ. ಆಗ ಕಾಳಮ್ಮ ತಾನೇ ಬಗ್ಗಿ ದಾರವನ್ನು ಉಗುರಿನಿಂದ ಎತ್ತಿ ನೋಡಿದಳು. ಅವಳೂ ಕೌದಿ ಹೊಲಿದವಳೇ. ಜೇಬಿನಿಂದ ದಾರ ಹಿಡಿದು ಬೆರಳು ಜರುಗಿಸಿದಳು. ಅದು ಮಾಸ್ಟರ್ ಮಗಳ ಗೌನಿಗೆ ಹೋಯಿತು, ಅಲ್ಲಿಂದ ಚಡ್ಡಿಗೆ, ಚಡ್ಡಿಯಿಂದ ಕುಲಾವಿಗೆ. ನೀಲಿ ತುಂಡು ಎಲ್ಲಕ್ಕಿಂತ ಕೆಳಗಿತ್ತು. ಅದರ ಮೇಲೆ ಗೌನಿನ ಅಂಚು, ಗೌನಿನ ಮೇಲೆ ಇನ್ನೊಂದರ ಅಂಚು. ಅದೊಂದನ್ನು ತೆಗೆಯಬೇಕಾದರೆ ಅದರ ಮೇಲಿನದನ್ನೆಲ್ಲ ಎಬ್ಬಿಸಬೇಕಾಗಿತ್ತು.

"ಅಯ್ಯೋ ಶಿವನೇ" ಎಂದಳು ಮುದುಕಿ. "ಇದ್ನ ಕಿತ್ರೆ ಎಲ್ಲಾ ಮಕ್ಳುದೂ ಕೀಳ್ಬೇಕಾಯ್ತದಲ್ಲೇ. ಬಾಳೋ ಮಕ್ಳ ಬಟ್ಟೆ ಕೀಳಾಕೆ ಆಯ್ತದಾ?"

ಕಾಳಮ್ಮ ಹಾಗೇ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆರಳು ಮಾತ್ರ ಜೇಬಿನ ಹೊಲಿಗೆಯ ಮೇಲೆ ಆಚೆ ಈಚೆ ಓಡಾಡುತ್ತಿತ್ತು.

"ಎಸ್ರೇನವ್ವ ಮಗೀಂದು?" ಎಂದು ಕೇಳಿದಳು.

"ಮಂಜ" ಎಂದೆ.

"ಎಷ್ಟ್ ವರ್ಸ ಇದ್ದ?"

"ಮೂರು ತುಂಬಿತ್ತು."

"ಅವನ ಆಯಸ್ಸು ಬಾಳಾ ಮಿಕ್ಕೈತೆ ಅಂಗಾರೆ" ಎಂದಳು. ಜೇಬಿನಿಂದ ಬೆರಳು ತೆಗೆದು, "ಇದುಕ್ಕೆ ಬರ್ಲಿ ಬುಡು" ಎಂದು ಕೌದಿಯನ್ನು ಮಡಿಸಿ ಎತ್ತಿಟ್ಟಳು. ಬ್ಲೇಡು ನನ್ನ ಕೈಯಲ್ಲೇ ಇತ್ತು. ಜಯಮ್ಮ ಅದನ್ನು ಇಸಿದುಕೊಂಡು ಕಿಟಕಿಯ ಮೇಲಿಟ್ಟಳು.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಗೆಲ್ಲ ಕೇಳುವಂತೆ ಅತ್ತಿತು ಎಂದು ಕಾಳಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಓಡಾಡಿದಳು. ತಿಪ್ಪಮ್ಮ ಎಂದು ಹೆಸರಿಟ್ಟರು. ಮುಂದೆ ಶಾಲೆಗೆ ಸೇರಿಸುವಾಗ ಜಯಮ್ಮ ಪ್ರೇಮ ಎಂದು ಬರೆಸಿಕೊಂಡು ಬಂದಳು. ಆದರೆ ನಮಗೆಲ್ಲ ಅವಳು ಇಂದಿಗೂ ತಿಪ್ಪಿಯೇ.

ಕಾರ್ಖಾನೆಯಲ್ಲಿ ಆಮೇಲೆ ಬಹಳ ಬದಲಾವಣೆಗಳಾದವು. ದಾರವನ್ನು ತಾನೇ ಕತ್ತರಿಸಿಕೊಳ್ಳುವ ಮಿಷನ್ ಬಂತು. ಮಣಿ ಮಾಸ್ಟರ್ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರು ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ಹೊಸ ಹುಡುಗಿಯರು ಕೇಳುತ್ತಾರೆಂದು ಇಷ್ಟು ಹೇಳುತ್ತೇನೆ. ಮಿಷನ್ನುಗಳು ಬದಲಾಗುತ್ತವೆ, ಕಲಿತುಕೊಳ್ಳಬಹುದು. ಪಕ್ಕದ ಮಿಷನ್ನಿನವಳು ಯಾರು, ಅವಳ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಮಾತ್ರ ತಿಳಿದುಕೊಂಡಿರಿ. ಗಡಿಯಾರದವರು ಅದಕ್ಕೆ ಸಮಯ ಕೊಡುವುದಿಲ್ಲ. ಊಟದ ಹೊತ್ತಿನಲ್ಲಾದರೂ ಕೇಳಿ.

ಆ ಮಗುವಿಗೆ ಮೂರು ತುಂಬುವವರೆಗೆ ನಾನು ನೆಮ್ಮದಿಯಾಗಿರಲಿಲ್ಲ. ಜಯಮ್ಮ ಕೆಲಸಕ್ಕೆ ಬರುವುದು ಸ್ವಲ್ಪ ತಡವಾದರೂ ನನ್ನ ಕಾಲರ್ ಸೊಟ್ಟಗಾಗುತ್ತಿತ್ತು. ಮಗುವಿಗೆ ನೆಗಡಿ ಎಂದರೆ ಎರಡು ದಿನ ಸಂಜೆ ಅವರ ಮನೆಗೆ ಹೋಗಿ ಹಣೆ ಮುಟ್ಟಿ ನೋಡಿ ಬರುತ್ತಿದ್ದೆ. ಅವಳಿಗೆ ಮೂರು ತುಂಬಿದ ಮೇಲೆ ಇನ್ನೂ ಹೆಚ್ಚಾಯಿತು. ಮಂಜ ಮೂರರ ಮೇಲೆ ಕೆಲವು ತಿಂಗಳು ಇದ್ದ. ಆ ತಿಂಗಳುಗಳನ್ನು ನಾನು ಒಳಗೊಳಗೇ ದಿನ ಎಣಿಸುತ್ತ ದಾಟುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಜಯಮ್ಮನಿಗೂ.

ಒಂದು ಭಾನುವಾರ ಬೆಳಿಗ್ಗೆ ಜಯಮ್ಮ ಮಗುವಿನ ಕೈ ಹಿಡಿದುಕೊಂಡು ಬಂದಳು. ಹಬ್ಬವಲ್ಲ, ಏನಲ್ಲ. ಮಗುವಿಗೆ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಿಸಿ ಹೂ ಮುಡಿಸಿದ್ದಳು.

"ಏನೇ ಇಷ್ಟೊತ್ಗೆ?" ಎಂದೆ.

ಅವಳು ಜಗಲಿಯ ಮೇಲೆ ಕುಳಿತು ಉಸಿರು ಬಿಟ್ಟಳು. "ಇವತ್ತಿಗೆ ಇವಳು ನಿನ್ ಮಂಜಂಗಿಂತ ದೊಡ್ಡೋಳಾದ್ಳು ಕಣೇ."

ಅಷ್ಟು ಕಾಲವೂ ನಾನೊಬ್ಬಳೇ ಹೆದರಿಕೊಂಡಿದ್ದೇನೆ ಎಂದುಕೊಂಡಿದ್ದೆ. ಅವಳೂ ನನ್ನ ಪಕ್ಕದಲ್ಲೇ ಕುಳಿತು, ತೋಳು ಹೊಲಿಯುತ್ತ, ಜೋಕು ಹೇಳುತ್ತ, ಅದನ್ನೇ ಲೆಕ್ಕ ಹಾಕುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಅಳಲಿಲ್ಲ. ಅವಳು, "ಕಾಫಿ ಇಡೇ, ನಡ್ಕೊಂಡು ಬಂದಿದೀನಿ" ಎಂದಳು. ಆದರೆ ನಾನು ಏಳಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ.

ಮೂರು ವರ್ಷದವರೆಗಿನ ಮಗು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಹೇಗೆ ತೊದಲುತ್ತದೆ, ಹೇಗೆ ಹಟ ಮಾಡುತ್ತದೆ, ನಿದ್ದೆ ಬಂದಾಗ ಯಾವ ಕಿವಿ ಹಿಡಿದುಕೊಳ್ಳುತ್ತದೆ, ಎಲ್ಲ ಗೊತ್ತಿತ್ತು. ಅದರಾಚೆಗೆ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ನನಗೆ ಬೇರೆ ಮಕ್ಕಳಾಗಲಿಲ್ಲ.

ತಿಪ್ಪಿ ಜಗಲಿಯ ಅಂಚಿಗೆ ಹೋಗಿ, ಎರಡೂ ಕಾಲು ಜೋಡಿಸಿ, ಕೆಳಕ್ಕೆ ಹಾರಿದಳು. ನಾನು ಬೆಚ್ಚಿ ಅರ್ಧ ಎದ್ದೆ. ಅವಳು ಬೀಳಲಿಲ್ಲ. ನೆಟ್ಟಗೆ ನಿಂತು ಲಂಗ ಕೊಡವಿಕೊಂಡಳು. ಮೆಟ್ಟಿಲು ಹತ್ತಿ ಮತ್ತೆ ಅಂಚಿಗೆ ಬಂದಳು. "ದೊಡ್ಡಮ್ಮಾ, ಇಲ್ನೋಡು" ಎಂದಳು.

ನಾನು ನೋಡುತ್ತ ಕುಳಿತೆ.